ಜಾಗ್ವಾರ್ ಇ-ಟೈಪ್ ಬಾಡಿ: ಕಾರ್ಖಾನೆಯ ಕೆಲಸವೋ, ಆಮೇಲೆ ಮಾಡಿದ್ದೋ? ಲಕ್ಷಣ ಹಿಡಿದು ಪತ್ತೆ ಹಚ್ಚುವ ಕೈಪಿಡಿ

1961ರ ಮಾರ್ಚ್‌ನಲ್ಲಿ ಜಿನೀವಾ ಕಾರು ಪ್ರದರ್ಶನದಲ್ಲಿ ತೆರೆ ಸರಿಸಿದ ಜಾಗ್ವಾರ್ ಇ-ಟೈಪ್ ಸ್ಪೋರ್ಟ್ಸ್ ಕಾರು 1974ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯ ಬ್ರೌನ್ಸ್ ಲೇನ್ ಕಾರ್ಖಾನೆಯಲ್ಲಿ ತಯಾರಾಯಿತು. ಒಟ್ಟು 72,000ಕ್ಕೂ ಹೆಚ್ಚು ಕಾರುಗಳು. ಆ ಅವಧಿಯಲ್ಲಿ ಬಾಡಿ ಒಂದೇ ರೀತಿ ಇರಲಿಲ್ಲ. ಬಾನೆಟ್ಟಿನ ಬೀಗ ಜಾಗ ಬದಲಿಸಿತು, ಗಾಳಿ ಸೀಳುಗಳನ್ನು ಮಾಡುವ ವಿಧಾನ ಬದಲಾಯಿತು, ಕಾಲಿಡುವ ನೆಲ ತಗ್ಗಾಯಿತು, ಹೆಡ್‌ಲೈಟಿನ ಮೇಲಿನ ಗಾಜಿನ ಮುಚ್ಚಳ ಹೋಯಿತು. ಕಾರ್ಖಾನೆಯೇ ಮಾಡಿದ ಈ ಬದಲಾವಣೆಗಳಲ್ಲಿ ಯಾವುದು ಯಾವ ಕಾರಿನಲ್ಲಿ ಇರಬೇಕು, ಯಾವುದರಲ್ಲಿ ಇರಕೂಡದು ಎಂಬುದರ ಮೇಲೆಯೇ ಕಾರಿನ ಬೆಲೆ ನಿಂತಿದೆ. ಹಾಗಾಗಿ ನಂತರದ ಕಾರನ್ನು ಮೊದಲ ಕಾರಿನಂತೆ ಕಾಣಿಸುವ ಕೆಲಸ ಹಲವು ದಶಕಗಳಿಂದ ನಡೆದೇ ಇದೆ.

ಪರೀಕ್ಷೆ ಶುರು ಮಾಡುವ ಮೊದಲು ಒಂದು ವಿಷಯ ಮನದಟ್ಟಾಗಬೇಕು. ಇ-ಟೈಪಿನ ನಡುಭಾಗ, ಅಂದರೆ ಬಾಗಿಲು, ನೆಲ, ಸಿಲ್ (ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಉದ್ದ ತಗಡು), ಹಿಂಭಾಗವೆಲ್ಲ ಸೇರಿದ್ದು, ತಗಡಿನ ಮೊನೊಕಾಕ್, ಬೇರೆ ಚಾಸಿಯಿಲ್ಲದೆ ತಾನೇ ಭಾರ ಹೊರುವ ಬಾಡಿ. ಎಂಜಿನ್ ಹೊರುವ ಮುಂಭಾಗ ಕೊಳವೆಗಳ ಫ್ರೇಮು. ಅದನ್ನು ಎಂಜಿನ್ ಕೋಣೆ ಮತ್ತು ಕೂರುವ ಜಾಗದ ನಡುವಿನ ಅಡ್ಡಗೋಡೆಯಾದ ಬಲ್ಕ್‌ಹೆಡ್ಡಿಗೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಚಾಸಿ ನಂಬರು ಅಚ್ಚಾಗಿರುವುದು ಮೊನೊಕಾಕಿನ ಮೇಲಲ್ಲ, ಮುಂದಿನ ಅಡ್ಡ ಫ್ರೇಮಿನ ಮೇಲೆ, ಬಲಬದಿಯ ಶಾಕ್ ಅಬ್ಸಾರ್ಬರ್ ಕೂರುವ ಜಾಗದ ಮೇಲ್ಗಡೆ. ಕೆಲಸ ಬಲ್ಲ ಮೆಕ್ಯಾನಿಕ್ ಬೋಲ್ಟ್ ಬಿಚ್ಚಿ ಈ ಫ್ರೇಮನ್ನು ಮತ್ತೊಂದು ಬಾಡಿಗೆ ಹಾಕಬಲ್ಲ. ನಂಬರು ಅಸಲಿಯಾದ ಮಾತ್ರಕ್ಕೆ ಬಾಡಿ ಅಸಲಿ ಎಂದಾಗುವುದಿಲ್ಲ. ಬಾಡಿಯ ಸಾಕ್ಷಿ ಬಾಡಿಯಿಂದಲೇ ಬರಬೇಕು.

ಬೇಕಾದ ಸಾಮಾನು

ಒಳ್ಳೆಯ ಟಾರ್ಚು, ಕೈಗನ್ನಡಿ, ಸಪೂರ ಬಟ್ಟೆ ಸುತ್ತಿದ ಸಣ್ಣ ಮ್ಯಾಗ್ನೆಟ್, 5 ಮೀಟರಿನ ಟೇಪು, ಫೀಲರ್ ಗೇಜು (ಸಂದಿನ ಅಗಲ ಅಳೆಯುವ ತೆಳು ಪಟ್ಟಿಗಳು), ಒಂದು ನಾಣ್ಯ. ಇಷ್ಟರಿಂದಲೇ ಹೆಚ್ಚಿನ ಕಾರುಗಳ ಕಥೆ ಹೊರಬರುತ್ತದೆ. ಎರಡನೇ ಹಂತಕ್ಕೆ ಪೇಂಟ್ ದಪ್ಪ ಅಳೆಯುವ ಮೀಟರ್ ಬೇಕು. ಕಬ್ಬಿಣ ಮತ್ತು ಕಬ್ಬಿಣವಲ್ಲದ ಲೋಹ ಎರಡನ್ನೂ ಗುರುತಿಸುವಂಥದ್ದನ್ನೇ ತನ್ನಿ. ಸಿಲ್‌ಗಳ ಒಳಗೆ ಇಣುಕಲು ಕೇಬಲ್ ಕ್ಯಾಮೆರಾ ಬೇಕು. ಪೇಂಟ್ ಕೆರೆಯುವ ಸಾಮಾನು ಈ ಪಟ್ಟಿಯಲ್ಲಿ ಬೇಕೆಂದೇ ಇಲ್ಲ.

ಎಚ್ಚರಿಕೆ: ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಇಡಲೇಬೇಕು. ಸ್ಟ್ಯಾಂಡ್ ಇಡುವ ಮುನ್ನ ಆ ಜಾಗದ ತಗಡು ಗಟ್ಟಿಯಿದೆಯೇ ಎಂದು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ತುಕ್ಕು ತಿಂದ ಸಿಲ್ ಸ್ಟ್ಯಾಂಡಿನ ಮೇಲೆ ಕಾಗದದ ಹಾಗೆ ಮಡಚಿಕೊಳ್ಳುತ್ತದೆ. ಇಡೀ ಬಾನೆಟ್ ಮೂತಿಯ ಕಡೆಯ ಕೀಲಿನ ಮೇಲೆ ಮುಂದಕ್ಕೆ ವಾಲುತ್ತದೆ. ಎತ್ತುವಾಗ ಮುಂದುಗಡೆ ಯಾರೂ ನಿಂತಿರಬಾರದು. ಗೋಡೆಗೆ ಮುಖ ಮಾಡಿ ನಿಂತ ಕಾರಿನ ಬಾನೆಟ್ ಎತ್ತಿದರೆ ಮೂತಿ ಜಜ್ಜುತ್ತದೆ.

ಲಕ್ಷಣ: ನಂಬರು ಒಂದು ಹೇಳುತ್ತದೆ, ಕಾರು ಇನ್ನೊಂದು ತೋರಿಸುತ್ತದೆ

ಖರ್ಚಿಲ್ಲದ ಪರೀಕ್ಷೆ ಇದೇ, ಆದ್ದರಿಂದ ಇದೇ ಮೊದಲು. 3.8 ಲೀಟರ್ ಎಂಜಿನ್ನಿನ ಮೊದಲ ಕಾರುಗಳಲ್ಲಿ ಚಾಸಿ ನಂಬರಿನ ಮೊದಲ ಮೂರು ಅಂಕಿ ಓದಿದರೆ ಕಾರು ಯಾವ ರೂಪದಲ್ಲಿ ಕಾರ್ಖಾನೆ ಬಿಟ್ಟಿತೆಂದು ಗೊತ್ತಾಗುತ್ತದೆ.

850001ರಿಂದ ಶುರುವಾದವು ಬಲಗಡೆ ಸ್ಟೇರಿಂಗಿನ, ಬಟ್ಟೆ ಚಾವಣಿಯ ರೋಡ್‌ಸ್ಟರ್.
860001ರಿಂದ ಶುರುವಾದವು ಬಲಗಡೆ ಸ್ಟೇರಿಂಗಿನ, ಗಟ್ಟಿ ಚಾವಣಿಯ ಕೂಪೆ.
875001ರಿಂದ ಶುರುವಾದವು ಎಡಗಡೆ ಸ್ಟೇರಿಂಗಿನ ರೋಡ್‌ಸ್ಟರ್.
885001ರಿಂದ ಶುರುವಾದವು ಎಡಗಡೆ ಸ್ಟೇರಿಂಗಿನ ಕೂಪೆ.

1964ರ ಅಕ್ಟೋಬರಿನಲ್ಲಿ 4.2 ಲೀಟರ್ ಎಂಜಿನ್ ಬಂದಾಗ ನಂಬರಿನ ಮುಂದೆ ‘1ಇ’ ಸೇರಿತು: 1ಇ1001 ಬಲಗಡೆಯ ರೋಡ್‌ಸ್ಟರ್, 1ಇ10001 ಎಡಗಡೆಯದು, 1ಇ20001 ಬಲಗಡೆಯ ಕೂಪೆ, 1ಇ30001 ಎಡಗಡೆಯ ಕೂಪೆ. 1966ರಲ್ಲಿ ಬಂದ ಉದ್ದನೆಯ ನಾಲ್ಕು ಸೀಟಿನ ಮಾದರಿ 1ಇ50001 ಮತ್ತು 1ಇ75001ರಿಂದ ಆರಂಭ. ಇಷ್ಟೂ ಸೀರೀಸ್ 1. 1968ರ ಕೊನೆಯಲ್ಲಿ ಬಂದ ಸೀರೀಸ್ 2ಕ್ಕೆ ‘1ಆರ್’, ಹನ್ನೆರಡು ಸಿಲಿಂಡರಿನ ವಿ12 ಎಂಜಿನ್ನಿನ ಸೀರೀಸ್ 3ಕ್ಕೆ ‘1ಎಸ್’.

ಈಗ ಕಾರನ್ನು ನೋಡಿ. ನಂಬರು 885ರದ್ದು, ನಿಂತಿರುವುದು ರೋಡ್‌ಸ್ಟರ್ ಎಂದಾದರೆ ಎರಡೇ ಅರ್ಥ: ಕೂಪೆಯ ಚಾವಣಿ ಕತ್ತರಿಸಿದ್ದಾರೆ, ಇಲ್ಲವೇ ಬೇರೆ ಕಾರಿನ ಫ್ರೇಮು ತಂದು ಹಾಕಿದ್ದಾರೆ. 875 ಅಥವಾ 885ರ ಕಾರಿನ ಸ್ಟೇರಿಂಗ್ ಬಲಗಡೆಯಿದ್ದರೆ ಅದು ಬೇರೆ ಮಾತು. ಅಮೆರಿಕಕ್ಕೆ ರಫ್ತಾದ ಕಾರುಗಳು ಬ್ರಿಟನ್ನಿಗೆ ಮರಳಿದಾಗ ಸ್ಟೇರಿಂಗ್ ಬದಲಿಸುವುದು ಸಾಮಾನ್ಯ. ಅದು ಮೋಸವಲ್ಲ, ಆದರೆ ಕಾರ್ಖಾನೆಯ ಕೆಲಸವೂ ಅಲ್ಲ. ಬಲ್ಕ್‌ಹೆಡ್ಡಿನ ಎಡಬದಿಯಲ್ಲಿ ಸ್ಟೇರಿಂಗ್ ಕಾಲಮ್ ಮತ್ತು ಪೆಡಲ್ ಪೆಟ್ಟಿಗೆಯ ತೂತುಗಳನ್ನು ಹೇಗೆ ಮುಚ್ಚಿದ್ದಾರೆ ನೋಡಿ. ಕಾರ್ಖಾನೆ ಮುಚ್ಚಿದ್ದಾದರೆ ಬೋಲ್ಟ್ ಹಾಕಿದ ಒತ್ತಚ್ಚಿನ ಮುಚ್ಚಳವಿರುತ್ತದೆ. ಆಮೇಲೆ ಮುಚ್ಚಿದ್ದಾದರೆ ವೆಲ್ಡ್ ಮಾಡಿ ಉಜ್ಜಿದ ತಗಡಿರುತ್ತದೆ.

ಎಂಜಿನ್ ಕೋಣೆಯ ತಗಡಿನ ಫಲಕದಲ್ಲಿ ಕಾರು, ಎಂಜಿನ್, ಗೇರ್‌ಬಾಕ್ಸ್, ಬಾಡಿ ನಾಲ್ಕರ ನಂಬರೂ ಇರಬೇಕು. 3.8 ಲೀಟರಿನ ರೋಡ್‌ಸ್ಟರ್ ಬಾಡಿ ನಂಬರು ‘ಆರ್’ ಅಕ್ಷರದಿಂದ, ಕೂಪೆಯದು ‘ವಿ’ ಅಕ್ಷರದಿಂದ ಶುರುವಾಗುತ್ತದೆ. ಅದೇ ಕಾರಿನ ಎಂಜಿನ್ ನಂಬರೂ ‘ಆರ್’ ಎಂದೇ ಶುರುವಾಗುವುದರಿಂದ ಎರಡನ್ನೂ ಬೆರೆಸಿ ಬರೆದುಕೊಳ್ಳುವ ತಪ್ಪು ಸಾಮಾನ್ಯ. ಎಂಜಿನ್ ನಂಬರಿನ ಕೊನೆಯಲ್ಲಿ 8 ಅಥವಾ 9 ಎಂದಿರುತ್ತದೆ. ಅದು ಕಂಪ್ರೆಷನ್ ಅನುಪಾತ, ಬಾಡಿಗೂ ಅದಕ್ಕೂ ಸಂಬಂಧವಿಲ್ಲ. ಫಲಕದ ಬಾಡಿ ನಂಬರು ಬಾಡಿಗೆ ಅಂಟಿಸಿದ ಪುಟ್ಟ ತಗಡಿನದಕ್ಕೆ ತಾಳೆಯಾಗುತ್ತದೆಯೇ ನೋಡಿ. ತಾಳೆಯಾದರೆ ಒಳ್ಳೆಯ ಸೂಚನೆ. ಆದರೆ ಆ ಎರಡನ್ನೂ ಬಿಚ್ಚಿ ಹಾಕಬಹುದು, ಫಲಕ ಹೊಸದಾಗಿ ಮಾಡಿಸಲೂ ಸಿಗುತ್ತದೆ.

ಆದ್ದರಿಂದ ಮುಂದಿನ ಹೆಜ್ಜೆ, ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಕೊಡುವ ಪ್ರಮಾಣಪತ್ರ. ತಯಾರಿಕೆಯ ದಿನಾಂಕ, ಮೂಲ ಬಣ್ಣ, ನಾಲ್ಕೂ ನಂಬರು, ಕಾರು ಯಾವ ವಿತರಕನಿಗೆ ಹೋಯಿತು ಎಂಬುದೆಲ್ಲ ಕಾರ್ಖಾನೆಯ ದಾಖಲೆಯಿಂದಲೇ ಬರುತ್ತದೆ. ಗುದ್ದಲಿ ಹಿಡಿಯುವ ಮೊದಲು ಪಹಣಿ ತೆಗೆಸುವಂತೆ, ಕಾರು ಮುಟ್ಟುವ ಮೊದಲು ಇದನ್ನು ತರಿಸಿ. ಇದಿಲ್ಲದೆ ಮುಂದಿನ ಯಾವ ಲಕ್ಷಣಕ್ಕೂ ತಾಳೆ ನೋಡಲು ತಾರೀಖು ಸಿಗುವುದಿಲ್ಲ.

ಲಕ್ಷಣ: ನಂಬರಿನ ಅಚ್ಚು ಏನೋ ಸರಿಯಿಲ್ಲ ಅನ್ನಿಸುತ್ತದೆ

ಟಾರ್ಚನ್ನು ಅಡ್ಡಲಾಗಿ ಹಿಡಿದು ನೋಡಿ. ಅಂಕಿಗಳ ಸುತ್ತಲಿನ ಲೋಹ ಸುತ್ತಮುತ್ತಲಿಗಿಂತ ತಗ್ಗಾಗಿದ್ದರೆ, ಒಂದೇ ದಿಕ್ಕಿನ ಗ್ರೈಂಡರ್ ಗೀರುಗಳಿದ್ದರೆ, ಅಂಕಿಗಳ ತಳದಲ್ಲಿ ಇನ್ನೊಂದು ಅಂಕಿಯ ನೆರಳು ಕಂಡರೆ, ಅಲ್ಲಿಗೇ ನಿಲ್ಲಿಸಿ. ಉಜ್ಜಬೇಡಿ, ಆಸಿಡ್ ಹಾಕಬೇಡಿ. ಮುಂದೆ ಪೊಲೀಸ್ ಅಥವಾ ವಿಮಾ ಪರೀಕ್ಷಕರು ಬಂದರೆ ಅವರಿಗೆ ಬೇಕಾದ ಸಾಕ್ಷಿ ಅದೇ.

ಹಾಗೆಂದು ಹೊಸ ಅಚ್ಚು ಕಂಡ ಕೂಡಲೇ ಕಳ್ಳಮಾಲು ಎಂದು ತೀರ್ಮಾನಿಸಬೇಡಿ. ಈ ಫ್ರೇಮಿನ ಕೊಳವೆಗಳು ಒಳಗಿನಿಂದ ತುಕ್ಕು ಹಿಡಿಯುತ್ತವೆ. ಅಪಘಾತದಲ್ಲಿ ಮೊದಲು ಬಾಗುವುದೂ ಅವೇ. ಅವುಗಳ ಜೋಡಣೆ ಹಿತ್ತಾಳೆಯಂಥ ಲೋಹ ಕರಗಿಸಿ ಬೆಸೆಯುವ ಬ್ರೇಜಿಂಗ್‌ನದು, ಸಾಮಾನ್ಯ ವೆಲ್ಡಿಂಗ್‌ನಿಂದ ತೇಪೆ ಹಾಕಕೂಡದು. ಕೆಟ್ಟರೆ ಇಡೀ ಫ್ರೇಮು ಬದಲಿಸುವುದೇ ದಾರಿ. ಹೊಸ ಫ್ರೇಮಿಗೆ ಹಳೆಯ ನಂಬರು ಅಚ್ಚು ಹಾಕಿರಬಹುದು. ಪ್ರಾಮಾಣಿಕ ಕೆಲಸವಾದರೆ ಬಿಲ್ಲು, ಹಳೆ ಫ್ರೇಮಿನ ಫೋಟೊ, ಸಾಧ್ಯವಾದರೆ ನಂಬರಿರುವ ಹಳೆಯ ತುಂಡೇ ಮಾಲೀಕರ ಬಳಿ ಇರುತ್ತದೆ. ಮೂರರಲ್ಲಿ ಒಂದೂ ಇಲ್ಲದಿದ್ದರೆ ಆ ನಂಬರನ್ನು ಬಾಡಿಯ ಪರವಾದ ಸಾಕ್ಷಿಯಾಗಿ ಎಣಿಸಬೇಡಿ.

ಲಕ್ಷಣ: ಬಾನೆಟ್ಟಿನ ಬೀಗ ಹೊರಗಡೆ ಇದೆ

ಮೊದಲ ಕಾರುಗಳ ಬಾನೆಟ್ ಬಿಚ್ಚಲು ‘ಟಿ’ ಆಕಾರದ ಬಿಡಿ ಕೀಲಿ ಬೇಕಿತ್ತು. ಬಾನೆಟ್ಟಿನ ಎರಡೂ ಬದಿಯಲ್ಲಿ, ಹಿಂದಿನ ಅಂಚಿಗೆ ಹತ್ತಿರ ಕ್ರೋಮಿನ ಸಣ್ಣ ಮುಚ್ಚಳದ ಬೀಗ ಇರುತ್ತಿತ್ತು. ಆಮೇಲೆ ಬೀಗ ಬಿಚ್ಚುವ ಹಿಡಿ ಕಾರಿನೊಳಗೆ, ಎರಡೂ ಬದಿಯ ಕಾಲಿಡುವ ಜಾಗಕ್ಕೆ ಬಂತು. ಹೊರ ಬೀಗವಿದ್ದದ್ದು ಒಟ್ಟು 500 ಕಾರುಗಳಲ್ಲಿ ಮಾತ್ರ:

850001ರಿಂದ 850091
860001ರಿಂದ 860004
875001ರಿಂದ 875385
885001ರಿಂದ 885020

ಈ ಮಿತಿಯಾಚೆಯ ನಂಬರಿನ ಕಾರಿಗೆ ಹೊರ ಬೀಗವಿದ್ದರೆ ಬಾನೆಟ್ ಆ ಕಾರಿನದಲ್ಲ, ಅಥವಾ ತೂತು ಕೊರೆದು ಮಾಡಿದ್ದು. ಬಾನೆಟ್ ನೋಡುತ್ತಾ ಕಾಲ ಕಳೆಯಬೇಡಿ. ಅದರ ಮರುತಯಾರಿಕೆ ಚೆನ್ನಾಗಿಯೇ ಆಗುತ್ತದೆ. ಕಾರಿನೊಳಗೆ ಕೂತು, ಬಾಗಿಲ ಕೀಲಿನ ಕಂಬದ ಹತ್ತಿರ ಒಳ ಹಿಡಿ ಇರಬೇಕಾದ ಜಾಗವನ್ನು ಮುಟ್ಟಿ ನೋಡಿ, ಟ್ರಿಮ್ಮಿನ (ಒಳ ಹೊದಿಕೆಯ) ಹಿಂದೆ ಕನ್ನಡಿ ಹಿಡಿಯಿರಿ. ಅಲ್ಲಿ ಮುಚ್ಚಿದ ತೂತು, ಉಜ್ಜಿದ ವೆಲ್ಡ್ ಕಂಡರೆ ಆ ಮೊನೊಕಾಕ್ ಒಳ ಹಿಡಿಯ ಕಾಲದ್ದು. ಎರಡೂ ಬದಿ ನೋಡಿ. ಒಂದು ಬದಿ ಅಚ್ಚುಕಟ್ಟಾಗಿ ಮುಗಿಸಿ ಇನ್ನೊಂದನ್ನು ಅವಸರದಲ್ಲಿ ಬಿಟ್ಟಿರುವುದೇ ಹೆಚ್ಚು.

ಇದರ ತಿರುಗುಮುರುಗೂ ಉಂಟು. 875100 ನಂಬರಿನ ಕಾರಿಗೆ ಒಳ ಬೀಗದ ಬಾನೆಟ್ ಇದ್ದರೆ ಕಾರು ನಕಲಿಯಲ್ಲ. ಮೂತಿಗೆ ಪೆಟ್ಟು ಬಿದ್ದು, ಸಿಕ್ಕಿದ ಹೊಸ ಬಾನೆಟ್ ಹಾಕಿರುವ ಸಾಧ್ಯತೆಯೇ ಹೆಚ್ಚು. ಇ-ಟೈಪಿನ ಮೂತಿ ಉದ್ದ, ಬಂಪರು ತೆಳು. ಅರವತ್ತು ವರ್ಷ ಒಂದೇ ಬಾನೆಟ್ಟಿನಲ್ಲಿ ಕಳೆದ ಕಾರೇ ಅಪರೂಪ.

ಲಕ್ಷಣ: ಬಾನೆಟ್ಟಿನ ಗಾಳಿ ಸೀಳುಗಳ ಸುತ್ತ ಗೆರೆ ಕಾಣುತ್ತದೆ

ಹೊಸಬರು ಇದನ್ನು ಕಂಡು ಕೆಟ್ಟ ರಿಪೇರಿ ಎಂದುಕೊಳ್ಳುತ್ತಾರೆ. 1961ರ ಮೊದಲ ಬಾನೆಟ್ಟುಗಳಲ್ಲಿ ಸೀಳುಗಳಿರುವ ತಗಡು ಬೇರೆಯೇ ತುಂಡು. ಬಾನೆಟ್ಟಿನಲ್ಲಿ ಚೌಕ ಕತ್ತರಿಸಿ ಅದನ್ನು ಕೂರಿಸಿ ವೆಲ್ಡ್ ಮಾಡುತ್ತಿದ್ದರು. ಮೇಲ್ಗಡೆ ಜೋಡಣೆ ಕಾಣದಂತೆ ಸೀಸ ತುಂಬುತ್ತಿದ್ದರು. ಆಮೇಲೆ ಸೀಳುಗಳನ್ನು ಬಾನೆಟ್ಟಿನ ತಗಡಿನಲ್ಲೇ ಒತ್ತಿದರು, ಬೇರೆ ತುಂಡು ಇಲ್ಲವಾಯಿತು.

ಬಾನೆಟ್ ಎತ್ತಿ ಕೆಳಗಡೆಯಿಂದ ನೋಡಿ. ತುಂಡಿನ ಅಂಚು, ಅದರುದ್ದಕ್ಕೂ ಸಮಾನ ಅಂತರದಲ್ಲಿ ಗುಂಡಗಿನ ಸ್ಪಾಟ್ ವೆಲ್ಡ್ (ತಗಡುಗಳನ್ನು ಒತ್ತಿ ಚುಕ್ಕೆ ಚುಕ್ಕೆಯಾಗಿ ಬೆಸೆಯುವ ವಿಧಾನ) ಕುಳಿಗಳು ಇದ್ದರೆ ಹಳೆಯ ವಿಧಾನ. ಅಂಚಿನುದ್ದಕ್ಕೂ ಉಬ್ಬಿದ ಮಿಗ್ ವೆಲ್ಡಿನ (ತಂತಿ ಕರಗಿಸಿ ತುಂಬುವ ವಿದ್ಯುತ್ ಬೆಸುಗೆ) ಸಾಲಿದ್ದರೆ ಆಮೇಲಿನ ಕೆಲಸ. ಅಂಚೇ ಇಲ್ಲದಿದ್ದರೆ ನಂತರದ ಬಾನೆಟ್. ಪ್ರಮಾಣಪತ್ರದ ತಯಾರಿಕೆ ತಾರೀಖಿನ ಎದುರು ಇದನ್ನು ಇಡಿ. ಹೊರ ಬೀಗದ ಕಾರಿಗೆ ಒತ್ತಿದ ಸೀಳಿನ ಬಾನೆಟ್ ಇದ್ದರೆ ಬಾನೆಟ್ ಬದಲಾಗಿದೆ ಎಂದೇ ತಿಳಿಯಿರಿ.

ಬಾನೆಟ್ ಒಂದೇ ತಗಡಲ್ಲ ಎಂಬುದೂ ನೆನಪಿರಲಿ. ನಡುವಿನ ಭಾಗ, ಎರಡು ಬದಿಯ ಮಡ್‌ಗಾರ್ಡು, ಕೆಳಗಿನ ಮೂತಿ ಇವನ್ನು ಒಳಗಿನ ಮಡಿಕೆಗಳಲ್ಲಿ ಬೋಲ್ಟ್ ಹಾಕಿ ಜೋಡಿಸಿ, ಮೇಲೆ ಕ್ರೋಮ್ ಪಟ್ಟಿ ಕೂರಿಸಿರುತ್ತಾರೆ. ಒಂದು ಬದಿಯ ಬೋಲ್ಟುಗಳು ಹಳೆಯವು, ಇನ್ನೊಂದರವು ಹೊಸವು ಎಂದಾದರೆ ಆ ಮಡ್‌ಗಾರ್ಡು ಬದಲಾಗಿದೆ. ಇಡೀ ಬಾನೆಟ್ಟಿಗೆ ತೀರ್ಪು ಕೊಡಬೇಡಿ, ತುಂಡು ತುಂಡಾಗಿ ಬರೆದಿಡಿ.

ಲಕ್ಷಣ: ಚಾಲಕನ ಹಿಮ್ಮಡಿ ಇಡುವ ನೆಲ ಸಪಾಟಾಗಿದೆ

ಮೊದಲ ಕಾರುಗಳ ನೆಲ ಪೂರ್ತಿ ಸಪಾಟು. ಎತ್ತರದ ಚಾಲಕರಿಗೆ ಕಾಲು ಮಡಚಲು ಜಾಗ ಸಾಲದೆ, 1962ರ ಆರಂಭದಲ್ಲಿ ಕಾಲಿಡುವ ಜಾಗದಲ್ಲಿ ತಗ್ಗು ಒತ್ತಿದ ನೆಲ ಬಂತು. ರೋಡ್‌ಸ್ಟರಿನಲ್ಲಿ ಸೀಟು ಇನ್ನಷ್ಟು ಹಿಂದೆ ಸರಿಯಲೆಂದು ಸೀಟಿನ ಹಿಂದಿನ ಬಲ್ಕ್‌ಹೆಡ್ಡಿಗೂ ಆಮೇಲೆ ತಗ್ಗು ಕೊಟ್ಟರು. ಸಪಾಟು ನೆಲದ ಕಾರಿಗೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ. ಆರಾಮದ ಲೆಕ್ಕದಲ್ಲಿ ಮಾತ್ರ ತಗ್ಗು ನೆಲವೇ ಮೇಲು.

ಕಾರ್ಪೆಟ್ಟಿನ ಮೇಲೆ ಅಂಗೈ ಒತ್ತಿದರೆ ತಗ್ಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಕಾರಿನ ಕೆಳಗಿನಿಂದ ನೋಡಿದರೆ ತಗ್ಗು ನೆಲ ಜೋತುಬಿದ್ದ ತಟ್ಟೆಯ ಆಕಾರದಲ್ಲಿ ಕಾಣುತ್ತದೆ. ಕಷ್ಟವಾಗುವುದು ಆಮೇಲೆ. ಎರಡೂ ಬಗೆಯ ನೆಲ ಮರುತಯಾರಿಕೆಯಲ್ಲಿ ಸಿಗುತ್ತದೆ, ತುಕ್ಕಿನಿಂದ ಮೊದಲು ಹೋಗುವುದೂ ನೆಲವೇ. ಆದ್ದರಿಂದ ನೆಲದ ಆಕಾರ ನೋಡಿ ನಿಲ್ಲಬೇಡಿ, ಅಂಚು ನೋಡಿ. ನೆಲ ಸಿಲ್ಲಿಗೆ ಸೇರುವ ಮಡಿಕೆಯಲ್ಲಿ ಕಾರ್ಖಾನೆಯ ಸ್ಪಾಟ್ ವೆಲ್ಡ್ ಸಾಲಿದ್ದರೆ ಅದು ಹೊರಗೂ ಒಳಗೂ ಒಂದೇ ಜಾಗದಲ್ಲಿ ಚಿಕ್ಕ ಗುಂಡು ಕುಳಿಯಾಗಿ ಕಾಣುತ್ತದೆ. ತೂತು ಕೊರೆದು ತುಂಬಿದ ಮಿಗ್ ವೆಲ್ಡ್ ಒಂದು ಕಡೆ ಉಬ್ಬಿರುತ್ತದೆ ಅಥವಾ ಉಜ್ಜಿ ಮಟ್ಟ ಮಾಡಿದ ಬಿಲ್ಲೆಯಂತಿರುತ್ತದೆ, ಇನ್ನೊಂದು ಕಡೆ ಬರೀ ಸುಟ್ಟ ಕಲೆ. 1960ರ ದಶಕದಲ್ಲಿ ಈ ಕಾರಿನ ಬಾಡಿಗೆ ಮಿಗ್ ವೆಲ್ಡ್ ಬಳಸಿಲ್ಲ. ಕಂಡಲ್ಲೆಲ್ಲ ಅದು ಆಮೇಲಿನ ಕೈ.

ನೆಲ ಬದಲಾಗಿದೆ ಎಂದರೆ ಮೂಲ ಆಕಾರ ಬದಲಾಗಿದೆ ಎಂದಲ್ಲ. ಸಪಾಟು ನೆಲದ ಕಾಲದ ನಂಬರಿಗೆ ಹೊಸ ಸಪಾಟು ನೆಲ ಹಾಕಿದ್ದರೆ ಅದು ಸರಿಯಾದ ರಿಪೇರಿ. ನೆಲ, ಹಿಂದಿನ ಬಲ್ಕ್‌ಹೆಡ್, ಬಾನೆಟ್ ಬೀಗ ಮೂರೂ ಒಂದೇ ಕಾಲ ಹೇಳುತ್ತಿವೆಯೇ ಎಂದು ನೋಡಿ. ಸಪಾಟು ನೆಲ, ಹಿಂದೆ ಮಾತ್ರ ತಗ್ಗು ಕೊಟ್ಟ ಬಲ್ಕ್‌ಹೆಡ್ ಇದ್ದರೆ ನೆಲವನ್ನು ಹಿಂದಿನ ಕಾಲಕ್ಕೆ ತಳ್ಳಿದ್ದಾರೆ ಎಂಬ ಅನುಮಾನ ಬಲವಾಗುತ್ತದೆ.

ಲಕ್ಷಣ: ಮ್ಯಾಗ್ನೆಟ್ ಅಂಟುತ್ತಿಲ್ಲ

ಅತಿ ಹೆಚ್ಚು ತಪ್ಪು ತೀರ್ಪು ಬರುವುದು ಇಲ್ಲೇ. ಮಾಮೂಲಿ ಇ-ಟೈಪ್ ಬಾಡಿ ಉಕ್ಕಿನದು. ಮ್ಯಾಗ್ನೆಟ್ ಅಂಟದಿದ್ದರೆ ಪುಟ್ಟಿ ಎಂದು ಟಿಂಕರಿಂಗ್ ಶೆಡ್ಡಿನಲ್ಲಿ ಹೇಳುವುದು ರೂಢಿ. ಆದರೆ ಜಾಗ್ವಾರ್ ಈ ಬಾಡಿಯನ್ನು ದೊಡ್ಡ ಅಚ್ಚುಗಳಲ್ಲಿ ಒತ್ತಲಿಲ್ಲ. ಅನೇಕ ಸಣ್ಣ ತುಂಡುಗಳನ್ನು ವೆಲ್ಡ್ ಮಾಡಿ, ಜೋಡಣೆಯ ಮೇಲೆ ಸೀಸ ಬಳಿದು ಉಜ್ಜಿ ಮಟ್ಟ ಮಾಡಿತು. ಸೀಸಕ್ಕೂ ಮ್ಯಾಗ್ನೆಟ್ ಅಂಟುವುದಿಲ್ಲ. ಹಾಗಾಗಿ ಮ್ಯಾಗ್ನೆಟ್ ಬಿದ್ದುಹೋದ ಜಾಗ ಕಾರ್ಖಾನೆಯ ಅತ್ಯುತ್ತಮ ಸಾಕ್ಷಿಯೂ ಆಗಿರಬಹುದು.

ಜಾಗ ನೋಡಿ. ಸಿಲ್ ಹಿಂದಿನ ಮಡ್‌ಗಾರ್ಡಿಗೆ ಸೇರುವಲ್ಲಿ, ಮುಂದಿನ ಬಾಗಿಲ ಕಂಬದ ಬುಡದಲ್ಲಿ, ಕೂಪೆಯ ಚಾವಣಿ ಕಂಬ ಬಾಡಿಗೆ ಇಳಿಯುವಲ್ಲಿ ಜೋಡಣೆಗಳಿವೆ. ಅಲ್ಲಿ ಸೀಸ ಇರುವುದು ಸಹಜ. ಎರಡೂ ಬದಿಯಲ್ಲಿ ಹೆಚ್ಚು ಕಡಿಮೆ ಒಂದೇ ಅಳತೆಯ ಪಟ್ಟೆಯಾಗಿ ಮ್ಯಾಗ್ನೆಟ್ ಸಡಿಲಾದರೆ ಕಾರ್ಖಾನೆಯ ಸೀಸದ ಕಡೆಗೆ ಒಲವಿರಲಿ. ಬಾಗಿಲ ನಡುವೆ, ಹಿಂದಿನ ಮಡ್‌ಗಾರ್ಡಿನ ಚಕ್ರದ ಕಮಾನಿನಲ್ಲಿ, ಜೋಡಣೆಯೇ ಇಲ್ಲದ ಬಯಲಲ್ಲಿ ಅಂಟದಿದ್ದರೆ ಪುಟ್ಟಿ.

ಅನುಮಾನ ಉಳಿದರೆ ಮೀಟರ್ ಹಿಡಿಯಿರಿ. ಬರೀ ಪೇಂಟಿನ ಓದು ಸುಮಾರು 100ರಿಂದ 200 ಮೈಕ್ರಾನ್. ಒಂದೆರಡು ಸಲ ಮತ್ತೆ ಬಳಿದಿದ್ದರೆ 300–400 ಆಗಬಹುದು, ಅದು ತೊಂದರೆಯಲ್ಲ. 1,000 ದಾಟಿದರೆ ಕೆಳಗೆ ಏನೋ ತುಂಬಿದೆ. ಎರಡೂ ಲೋಹ ಗುರುತಿಸುವ ಮೀಟರ್ ಅಲ್ಲಿ ‘ಕಬ್ಬಿಣವಲ್ಲದ ಲೋಹ’ ಎಂದು ತೋರಿಸಿದರೆ ಸೀಸ ಇರುವ ಸಾಧ್ಯತೆ ಹೆಚ್ಚು. ಓದೇ ಸಿಗದಿದ್ದರೆ ಪುಟ್ಟಿ. ನಾಣ್ಯದಿಂದ ಮೆಲ್ಲಗೆ ತಟ್ಟಿ: ಸೀಸದ ಸದ್ದು ಮಂಕು, ಆದರೆ ಘನ; ಪುಟ್ಟಿಯದು ಒಣ ಸದ್ದು, ಬಿಟ್ಟುಕೊಂಡಿದ್ದರೆ ಟೊಳ್ಳು.

ಸೀಸ ವಿಷ. ಬಣ್ಣ ಕಿತ್ತು ನೋಡಲೇಬೇಕೆಂದರೆ ಒಣ ಮರಳುಕಾಗದ, ಗ್ರೈಂಡರ್ ಬಳಸಬೇಡಿ. ಆ ಧೂಳು ಶ್ವಾಸಕ್ಕೆ ಹೋಗುತ್ತದೆ, ಬಟ್ಟೆಯಲ್ಲಿ ಮನೆಗೂ ಬರುತ್ತದೆ. ಬ್ಲೋಲ್ಯಾಂಪನ್ನಂತೂ ಹಿಡಿಯಲೇಬೇಡಿ. ಬಾಡಿ ಸೀಸ 183 ಡಿಗ್ರಿ ಸೆಲ್ಸಿಯಸ್‌ನಿಂದ ಮೆತ್ತಗಾಗತೊಡಗುತ್ತದೆ. ಬಣ್ಣ ಸುಡಲು ಹೋದವರು ಕಾರ್ಖಾನೆ ತುಂಬಿದ ಸೀಸವನ್ನೇ ನೆಲಕ್ಕೆ ಸುರಿಸಿಬಿಡುತ್ತಾರೆ, ಮತ್ತೆ ಆ ಸಾಕ್ಷಿ ಬರುವುದಿಲ್ಲ.

ಲಕ್ಷಣ: ಇಡೀ ಬಾಡಿಯೇ ಅಲ್ಯುಮಿನಿಯಂ

ಅಲ್ಯುಮಿನಿಯಂ ಬಾಡಿಯ ರೇಸಿಂಗ್ ‘ಲೈಟ್‌ವೇಟ್’ ಕಾರುಗಳನ್ನು 18 ಮಾಡುವ ಯೋಜನೆಯಿತ್ತು. 1963–64ರಲ್ಲಿ ಮುಗಿದದ್ದು 12 ಮಾತ್ರ. ಉಳಿದ 6ನ್ನು 2014ರಲ್ಲಿ ಜಾಗ್ವಾರ್ ತಾನೇ ಮತ್ತೆ ಶುರು ಮಾಡಿ ಕಟ್ಟಿತು. ಹನ್ನೆರಡರ ಇತಿಹಾಸವೂ ಎಲ್ಲರಿಗೂ ಗೊತ್ತಿರುವಂಥದ್ದು. ಈ ಹನ್ನೆರಡು ಮತ್ತು ಆ ಆರನ್ನು ಬಿಟ್ಟು ಮಾರುಕಟ್ಟೆಯಲ್ಲಿ ಇನ್ನೊಂದು ಕಂಡರೆ ಅದು ಯಾರೋ ಕುಶಲಿ ಮಾಡಿದ ಪ್ರತಿ, ಎಷ್ಟೇ ಚೆನ್ನಾಗಿರಲಿ. ಇಲ್ಲಿ ಹೆಚ್ಚು ಪರೀಕ್ಷೆ ಬೇಡ.

ಲಕ್ಷಣ: ಬಾಗಿಲ ಸಂದು ಮೇಲೆ ಒಂದು, ಕೆಳಗೆ ಒಂದು

ಈ ಲಕ್ಷಣ ಎರಡು ಕಾರಣದಿಂದ ಬರುತ್ತದೆ: ಸಿಲ್ ಕೊಳೆತು ಬಾಡಿ ನಡುವಲ್ಲಿ ಕುಸಿಯುತ್ತಿದೆ, ಇಲ್ಲವೇ ಕೂಪೆಯ ಚಾವಣಿ ಕತ್ತರಿಸಿ ರೋಡ್‌ಸ್ಟರ್ ಮಾಡುವಾಗ ಆಧಾರ ಕೊಡದೆ ಕತ್ತರಿಸಿದ್ದಾರೆ. ಯಾವುದೆಂದು ಹಂತಹಂತವಾಗಿ ಬೇರ್ಪಡಿಸಬೇಕು.

ಕಾರು ನಾಲ್ಕೂ ಚಕ್ರದ ಮೇಲೆ ಸಮನೆಲದಲ್ಲಿರಲಿ. ಬಾಗಿಲ ಹಿಂದಿನ ಅಂಚಿನ ಸಂದನ್ನು ಮೇಲೆ, ನಡುವೆ, ಕೆಳಗೆ ಫೀಲರ್ ಗೇಜಿನಿಂದ ಅಳೆದು ಬರೆಯಿರಿ. ಮುಂದಿನ ಚಕ್ರಗಳಿಗೆ ಕಲ್ಲು ಕೊಡಿ. ಹಿಂದಿನ ಸಸ್ಪೆನ್ಷನ್ ಪಂಜರದ ಕೆಳತಟ್ಟೆಗೆ ಅಗಲವಾದ ಮರದ ದಿಮ್ಮಿ ಕೊಟ್ಟು ಹಿಂದಿನ ಚಕ್ರಗಳು ನೆಲ ಬಿಡುವಷ್ಟು ಮಾತ್ರ ಎತ್ತಿ, ಸ್ಟ್ಯಾಂಡ್ ಇಟ್ಟು, ಮತ್ತೆ ಅಳೆಯಿರಿ. ಬಾಗಿಲು ಮೊದಲಿನ ಹಾಗೇ ತೆರೆದು ಮುಚ್ಚಿದರೆ ಬಾಡಿ ಗಟ್ಟಿ. ಸಂದು 2 ಮಿ.ಮೀ.ಗಿಂತ ಹೆಚ್ಚು ಬದಲಾದರೆ, ಬಾಗಿಲು ಹಿಡಿದುಕೊಂಡರೆ, ಪರೀಕ್ಷೆ ಅಲ್ಲಿಗೇ ಮುಗಿಯಿತು. ಕಾರು ಇಳಿಸಿ, ಅದನ್ನು ಓಡಿಸಬೇಡಿ, ಸಿಲ್ ಕತ್ತರಿಸುವ ಮೊದಲು ಬಾಡಿಯನ್ನು ಜಿಗ್ (ಬಾಡಿ ಅಲುಗದಂತೆ ಹಿಡಿದಿಡುವ ಚೌಕಟ್ಟು) ಮೇಲೆ ಕೂರಿಸಬಲ್ಲ ಕಾರ್ಯಾಗಾರಕ್ಕೆ ಕಳಿಸಿ. ಆಧಾರವಿಲ್ಲದೆ ಸಿಲ್ ಕತ್ತರಿಸಿದರೆ ಬಾಡಿ ತಿರುಚಿದ ಸ್ಥಿತಿಯಲ್ಲೇ ಕಾಯಂ ಆಗುತ್ತದೆ.

ಬಾಡಿ ಗಟ್ಟಿಯಿದ್ದೂ ಸಂದು ಕೆಟ್ಟಿದ್ದರೆ ಟೇಪು ತೆಗೆಯಿರಿ. ಎರಡೂ ಬದಿಯಲ್ಲಿ ಮುಂದಿನ ಚಕ್ರದ ನಡುವಿನಿಂದ ಹಿಂದಿನದರ ನಡುವಿನವರೆಗೆ ಅಳೆಯಿರಿ, ಸ್ಟೇರಿಂಗ್ ನೇರವಿರಲಿ. ಎರಡು ಸೀಟಿನ ಸೀರೀಸ್ 1, ಸೀರೀಸ್ 2 ಕಾರುಗಳಲ್ಲಿ 96 ಇಂಚು, ಅಂದರೆ 2,438 ಮಿ.ಮೀ. ನಾಲ್ಕು ಸೀಟಿನ ಮಾದರಿ ಮತ್ತು ಎಲ್ಲ ವಿ12 ಕಾರುಗಳಲ್ಲಿ 105 ಇಂಚು, 2,667 ಮಿ.ಮೀ. ಸೀರೀಸ್ 1 ರೋಡ್‌ಸ್ಟರ್ ಎನ್ನುವ ಕಾರು 105 ಇಂಚು ಬಂದರೆ ಅದು ನಾಲ್ಕು ಸೀಟಿನದ್ದನ್ನು ಕತ್ತರಿಸಿದ್ದು, ಬೇರೆ ವಾದ ಬೇಡ.

ಅಳತೆ 96 ಇಂಚೇ ಬಂದರೆ ಕೂಪೆ ಕತ್ತರಿಸಿದ ಗುರುತು ಹುಡುಕಬೇಕು. ಕೂಪೆಯ ಹಿಂಭಾಗಕ್ಕೆ ಪಕ್ಕಕ್ಕೆ ತೆರೆಯುವ ಬಾಗಿಲು, ರೋಡ್‌ಸ್ಟರಿಗೆ ಡಿಕ್ಕಿ ಮುಚ್ಚಳ. ಡಿಕ್ಕಿಯೊಳಗೆ ಕಾರ್ಪೆಟ್ ಸರಿಸಿ, ಕೂಪೆ ಬಾಗಿಲ ಕೀಲು, ಚಿಲಕ ಇದ್ದ ಜಾಗದಲ್ಲಿ ಮುಚ್ಚಿದ ತೂತು ಇದೆಯೇ ನೋಡಿ. ಸೀಟಿನ ಹಿಂದಿನ ಅಡ್ಡ ತಗಡು ಮಡ್‌ಗಾರ್ಡಿಗೆ ಸೇರುವ ಕಡೆ ಸ್ಪಾಟ್ ವೆಲ್ಡ್ ಬದಲು ಉದ್ದನೆಯ ವೆಲ್ಡ್ ಸಾಲಿದ್ದರೆ, ಮುಂಗಾಜಿನ ಕಂಬ ಕತ್ತರಿಸಿ ಉಜ್ಜಿದ ಗುರುತಿದ್ದರೆ, ಮೊದಲ ವಿಭಾಗದ ನಂಬರಿನ ಲೆಕ್ಕಕ್ಕೆ ಹಿಂದಿರುಗಿ. 860001, 885001, 1ಇ20001, 1ಇ30001ರಿಂದ ಶುರುವಾದ ಸಾಲುಗಳಲ್ಲಿ ಒಂದರ ನಂಬರು ಅಲ್ಲಿ ಕಾಯುತ್ತಿರುತ್ತದೆ, ಫ್ರೇಮು ಬದಲಿಸದಿದ್ದರೆ.

ಲಕ್ಷಣ: ಹೆಡ್‌ಲೈಟಿಗೆ ಗಾಜಿನ ಮುಚ್ಚಳವಿದೆ, ಬಾಯಿ ಮಾತ್ರ ದೊಡ್ಡದು

ಸೀರೀಸ್ 1ರ ಹೆಡ್‌ಲೈಟಿಗೆ ಗಾಜಿನ ಮುಚ್ಚಳ, ಗಾಳಿ ಎಳೆಯುವ ಬಾಯಿ ಕಿರಿದು, ಹಿಂದೀಪ ಬಂಪರಿನ ಮೇಲೆ. 1967ರಲ್ಲಿ ಗಾಜು ತೆಗೆದರು. ಆಗಿನ್ನೂ ನಂಬರು 1ಇ, ಬಾಯಿ ಕಿರಿದೇ. 1968ರ ಕೊನೆಯಲ್ಲಿ ಬಂದ ಸೀರೀಸ್ 2ರಲ್ಲಿ ಬಾಯಿ ದೊಡ್ಡದಾಯಿತು, ಹಿಂದೀಪ ಬಂಪರಿನ ಕೆಳಗಿಳಿಯಿತು.

ಸೀರೀಸ್ 2ನ್ನು ಸೀರೀಸ್ 1 ಮಾಡಲು ಬಾನೆಟ್ ಬದಲಿಸುವುದು ಸುಲಭ, ಹಿಂಭಾಗ ಕಷ್ಟ. ಆದ್ದರಿಂದ ಹಿಂದೆ ಹೋಗಿ. ಡಿಕ್ಕಿಯೊಳಗಿನಿಂದ ಟಾರ್ಚು ಹಿಡಿದು ಹಿಂದಿನ ತಗಡನ್ನು ನೋಡಿ: ಬಂಪರಿನ ಕೆಳಮಟ್ಟದಲ್ಲಿ ದೀಪದ ತೂತು ಮುಚ್ಚಿದ ತೇಪೆ ಇದ್ದರೆ ಉತ್ತರ ಸಿಕ್ಕಿತು. ನಂಬರು ‘1ಆರ್’ ಎಂದಿದ್ದರೆ ಅದೂ ಸಾಕು.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕರೆಯಬೇಕು

ನಂಬರು ಉಜ್ಜಿದ ಗುರುತು ಕಂಡರೆ, ಮುಂದಿನ ಫ್ರೇಮಿನ ಕೊಳವೆಯಲ್ಲಿ ಸೂಜಿ ತೂತಿನಷ್ಟು ತುಕ್ಕು ಕಂಡರೂ, ಎತ್ತಿದಾಗ ಬಾಗಿಲ ಸಂದು ಬದಲಾದರೆ, ಮುಂದಿನ ಹೆಜ್ಜೆ ನಿಮ್ಮದಲ್ಲ. ಫ್ರೇಮಿನ ಬ್ರೇಜಿಂಗ್ ಮತ್ತು ಜಿಗ್ ಕೆಲಸ ಇ-ಟೈಪನ್ನೇ ಬಲ್ಲ ಕಾರ್ಯಾಗಾರಕ್ಕೆ ಬಿಡಿ. ಡಿಕ್ಕಿಯ ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕ್ ಇರುವುದರಿಂದ, ‘ಸ್ವಲ್ಪ ವೆಲ್ಡ್ ಹಾಕಿ ನೋಡೋಣ’ ಎಂದು ಯಾರೇ ಹೇಳಿದರೂ ಟ್ಯಾಂಕ್ ಬಿಚ್ಚಿ ಹೊರಗಿಟ್ಟಾಗ ಮಾತ್ರ ಒಪ್ಪಿ.

ಕಾರು ನಿಮ್ಮದಲ್ಲದಿದ್ದರೆ ಟ್ರಿಮ್ ಬಿಚ್ಚಲು, ಬಣ್ಣ ಮುಟ್ಟಲು ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಬಣ್ಣ ಕಿತ್ತು ನೋಡುವ ಹಂತ ಬಂದರೆ 25 ಮಿ.ಮೀ. ಚೌಕಕ್ಕಿಂತ ದೊಡ್ಡ ಜಾಗ ಬೇಡ. ಜೋಡಣೆಯ ಮೇಲೆ, ಸಿಲ್ಲಿನ ಕೆಳ ಅಂಚಿನಂಥ ಕಾಣದ ಕಡೆ ಆರಿಸಿ. ಕಿತ್ತ ಪ್ರತಿ ಪದರವನ್ನೂ ಅಳತೆ ಪಟ್ಟಿ ಪಕ್ಕದಲ್ಲಿಟ್ಟು ಫೋಟೊ ತೆಗೆಯಿರಿ. ತಳದ ಬಣ್ಣ ಪ್ರಮಾಣಪತ್ರದ ಬಣ್ಣಕ್ಕೆ ಹೊಂದಿದರೆ ಆ ತಗಡು ಆ ಕಾರಿನದೇ ಎನ್ನಲು ಒಳ್ಳೆಯ ಆಧಾರ. ಬೇರೆ ಬಣ್ಣ ಕಂಡರೆ ಆ ತುಂಡು ಬೇರೆ ಕಾರಿನಿಂದ ಬಂದಿರಬಹುದು. ಬಣ್ಣವೇ ಇಲ್ಲದೆ ಹೊಸ ಪ್ರೈಮರ್ ಸಿಕ್ಕರೆ ಹೊಸ ತುಂಡು, ಅಥವಾ ಹಿಂದೊಮ್ಮೆ ಲೋಹದವರೆಗೂ ಕೆರೆದ ಹಳೆಯ ತುಂಡು. ಈ ಕೊನೆಯ ಎರಡನ್ನು ಬೇರ್ಪಡಿಸಲು ಅದೇ ತುಂಡಿನ ಒಳಬದಿ ನೋಡಿ: ಹೊರಗೆ ಎಷ್ಟೇ ಕೆರೆದಿದ್ದರೂ ಮಡಿಕೆಗಳ ಒಳಗೆ ಹಳೆಯ ಬಣ್ಣ ಉಳಿದಿರುತ್ತದೆ.